ಹಳದಿ ದೀಪ ತಾನಾಗಿಯೇ ಆರಲಿ

ಹಿನಕಲ್ ಫ್ಲೈಓವರ್‌ನ ಏರು ಇನ್ನೂ ಅರ್ಧ ಬಾಕಿ ಇರುವಾಗಲೇ ಆ ಬೂದು ಬಣ್ಣದ ಕಾರು ದಣಿದ ಎತ್ತಿನಂತೆ ನಿಧಾನವಾಯಿತು. ಹಿಂದಿದ್ದ ಬಸ್ಸು ಬಿಡದೆ ಹಾರ್ನ್ ಹೊಡೆಯತೊಡಗಿತು.

ಒಳಗಿದ್ದ ವಿಶ್ರುತ್ ಆಕ್ಸಿಲರೇಟರ್ ಎಷ್ಟು ಒತ್ತಿದರೂ ಕಾರು ತೆವಳುತ್ತಲೇ ಇತ್ತು. ಮೀಟರ್ ಪಕ್ಕದಲ್ಲಿ ಎಂಜಿನ್ ಆಕಾರದ ಪುಟ್ಟ ಹಳದಿ ದೀಪ ಹೊತ್ತಿಕೊಂಡಿತ್ತು.

ಯಾರೋ ಕಿಟಕಿ ತಟ್ಟಿದರು. ಹೆಲ್ಮೆಟ್ ಹಾಕಿದ್ದ ಹುಡುಗಿ. ಅವಳ ಸ್ಕೂಟರಿನ ಮುಂದೆ ಆಯಿಲ್ ಡಬ್ಬಗಳಿದ್ದವು.

"ಒತ್ತಬೇಡಿ ಸಾರ್, ಒತ್ತಿದಷ್ಟೂ ಅದು ಹೆದರುತ್ತೆ. ಪಕ್ಕಕ್ಕೆ ತಗೊಂಡು ಆಫ್ ಮಾಡಿ. ಒಂದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ."

ಅವನು ಹಾಗೇ ಮಾಡುವವರೆಗೂ ಅವಳು ಕಾರಿನ ಹಿಂದೆ ನಿಂತು, ಕೈ ಎತ್ತಿ ಬಸ್ಸನ್ನು ಪಕ್ಕದಿಂದ ಕಳಿಸಿದಳು. ಮತ್ತೆ ಸ್ಟಾರ್ಟ್ ಮಾಡಿದಾಗ ಕಾರಿಗೆ ಜೀವ ಬಂದಿತ್ತು.

"ಸರಿ ಹೋಯ್ತಾ?" ಅವನು ಕೇಳಿದ.

"ಇಲ್ಲ, ಮರೆತಿದೆ ಅಷ್ಟೆ. ಮತ್ತೆ ನೆನಪಾಗೋದ್ರೊಳಗೆ ನನ್ನ ಹಿಂದೇನೇ ಬನ್ನಿ. ನಮ್ಮ ಗ್ಯಾರೇಜ್ ಇಲ್ಲೇ ಕೆಳಗಿದೆ."

ಆ ಹುಡುಗಿ ಗೌತಮಿ. ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ, ಅಪ್ಪ ಚಿಕ್ಕಮಾದಯ್ಯನವರ ತಗಡಿನ ಶೆಡ್ಡಿನ ಗ್ಯಾರೇಜನ್ನು ಈಗ ಅವಳೇ ನಡೆಸುತ್ತಿದ್ದಳು. ಬಂದವರೆಲ್ಲ ಅವಳನ್ನು ದಾಟಿ ಹಿಂದಿದ್ದ ಅಪ್ಪನ ಕಡೆ ನೋಡುವುದು ವಾಡಿಕೆ. ಇವನು ಹಾಗೆ ನೋಡಲಿಲ್ಲ. ಕಾರಿನ ಕೀಯನ್ನು ನೇರ ಅವಳ ಅಂಗೈಯಲ್ಲೇ ಇಟ್ಟ.

ಗೌತಮಿ ಕಾರಿನ ದೋಷ ಓದುವ ಸ್ಕ್ಯಾನರ್ ಜೋಡಿಸಿದಳು.

"ಕೋಡ್ ಪಿ ಜೀರೋ ಟು ಡಬಲ್ ನೈನ್. ಟರ್ಬೊ ಎಂಜಿನ್ನಿಗೆ ಗಾಳಿ ಒತ್ತಿ ತುಂಬಬೇಕು. ತುಂಬಬೇಕಾದಷ್ಟು ಬರ್ತಿಲ್ಲ ಅಂತಿದೆ."

"ಇನ್ನೊಂದು ಕಡೆ ಟರ್ಬೊನೇ ಬದಲಾಯಿಸಬೇಕು ಅಂದಿದ್ರು."

"ಕೋಡ್ ಹಾಗಂದಿಲ್ಲವಲ್ಲ ಸಾರ್. ಗಾಳಿ ಕಮ್ಮಿ ಅಂದಿದೆ. ಎಲ್ಲಿ ಸೋರ್ತಿದೆ ಅಂತ ನಾವು ಹುಡುಕಬೇಕು."

ಅವಳು ಒಂದು ಪೈಪಿನ ಬಾಯಿಂದ ಒಳಗೆ ಹೊಗೆ ಬಿಟ್ಟಳು. ಸ್ವಲ್ಪ ಹೊತ್ತಿಗೆ ಮೇಲಿನ ರಬ್ಬರ್ ಹೋಸಿನ ಮಡಿಕೆಯೊಂದರಿಂದ ಊದುಬತ್ತಿಯಂತೆ ತೆಳ್ಳನೆಯ ಎಳೆ ಮೇಲೆದ್ದಿತು.

ಆ ಹೊತ್ತಿಗೆ ಮೂಲೆಯಲ್ಲಿ ಸ್ಟೂಲಿನ ಮೇಲಿದ್ದ ಚಿಕ್ಕಮಾದಯ್ಯ ಕೇಳಿದರು. "ಮನೆ ಎಲ್ಲಿ ಸ್ವಾಮಿ?"

"ಕೃಷ್ಣಮೂರ್ತಿಪುರಂ."

"ಆಂ?"

ನಲವತ್ತು ವರ್ಷ ಸುತ್ತಿಗೆ ಸದ್ದಿನ ನಡುವೆ ಬದುಕಿದ ಕಿವಿಗಳು. ಇಂಥ ಹೊತ್ತಿನಲ್ಲಿ ಬಂದವರು ಕಿರುಚುತ್ತಿದ್ದರು, ಇಲ್ಲವೇ ಸುಮ್ಮನಾಗಿಬಿಡುತ್ತಿದ್ದರು. ವಿಶ್ರುತ್ ಎದ್ದು ಹೋಗಿ ಅವರ ಎದುರು ಕುಕ್ಕರುಗಾಲಲ್ಲಿ ಕುಳಿತ. ಮುಖಕ್ಕೆ ಮುಖ ಕೊಟ್ಟು, ದನಿ ಏರಿಸದೆ ನಿಧಾನವಾಗಿ ಹೇಳಿದ. ಮುದುಕರ ಮುಖ ಅರಳಿತು.

ಗೌತಮಿಯ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ನಿಂತಿತು.

"ನಾನು ಕಿವಿ ಪರೀಕ್ಷೆ ಮಾಡೋನು. ಸರಸ್ವತಿಪುರಂನಲ್ಲಿ ಕ್ಲಿನಿಕ್ಕಿದೆ," ಎಂದ ವಿಶ್ರುತ್.

"ಅಪ್ಪ ಎಲ್ಲಾ ಕೇಳಿಸುತ್ತೆ ಅಂತಲೇ ಸಾಧಿಸ್ತಾರೆ."

"ಎಲ್ಲರೂ ಹಾಗೇನೆ. ಮಕ್ಕಳಿಗೆ ಬೇಜಾರಾಗಬಾರದು ಅಂತ ಸುಮ್ಮನೆ ತಲೆ ಆಡಿಸ್ತಾರೆ."

ಹೊಸ ಹೋಸ್ ಹಾಕಿ ಕಾರು ಕೊಡುವಾಗ ಅವಳು ಒಂದು ಮಾತು ಹೇಳಿದಳು. "ಮತ್ತೆ ಈ ಲೈಟ್ ಬಂದ್ರೆ ನೇರ ನನ್ನ ಹತ್ರ ತನ್ನಿ. ಯಾರಿಗೂ ಕೋಡ್ ಅಳಿಸೋಕೆ ಬಿಡಬೇಡಿ. ಯಾವಾಗ, ಎಷ್ಟು ಸ್ಪೀಡಲ್ಲಿ ಬಂತು ಅನ್ನೋದೆಲ್ಲ ಅದರಲ್ಲೇ ಇರುತ್ತೆ. ಅಳಿಸಿದ್ರೆ ಗುರುತೇ ಉಳಿಯಲ್ಲ."

ಅವನು ತಲೆಯಾಡಿಸಿದ.

ಮುಂದಿನ ಶನಿವಾರ ಅವನು ಬಂದದ್ದು ಚಿಕ್ಕಮಾದಯ್ಯನವರ ಕಿವಿಗಾಗಿ. ಅದರ ಮುಂದಿನ ಶನಿವಾರವೂ ಅದಕ್ಕೇ. ಮೂರನೆಯ ಶನಿವಾರ ಶ್ರವಣಯಂತ್ರ ಹಾಕಿಕೊಂಡ ಮುದುಕರು ಗೋಡೆಯ ಕಡೆ ಕಿವಿ ತಿರುಗಿಸಿದರು.

"ಮಗಾ, ಪಕ್ಕದ್ ಮನೆಯೋರ ಕುಕ್ಕರ್ ಇಷ್ಟೊಂದ್ ಕೂಗ್ತದಾ?"

ಗೌತಮಿ ನಕ್ಕಳು. ಆಮೇಲೆ ಟೂಲ್ ಬಾಕ್ಸ್ ಕಡೆ ತಿರುಗಿ ಬಹಳ ಹೊತ್ತು ಏನನ್ನೋ ಹುಡುಕಿದಳು. ಅವಳ ಕಣ್ಣು ಒದ್ದೆಯಾಗಿದ್ದನ್ನು ವಿಶ್ರುತ್ ನೋಡಿದ. ನೋಡಿಯೂ ನೋಡದವನಂತೆ ಕಾಫಿ ಲೋಟ ತೊಳೆಯಲು ಹೋದ.

ಕಿವಿಯ ಕೆಲಸ ಮುಗಿದ ಮೇಲೂ ಶನಿವಾರಗಳು ನಿಲ್ಲಲಿಲ್ಲ. ಆಯಿಲ್ ನೋಡಿ, ಟೈರಿನ ಗಾಳಿ ನೋಡಿ ಎನ್ನುತ್ತಾ ಬರುತ್ತಿದ್ದ.

ಚಿಕ್ಕಮಾದಯ್ಯ ಒಮ್ಮೆ ಮೆಲ್ಲಗೆ ಹೇಳಿದರು. "ಒಳ್ಳೆ ಹುಡುಗ ಕಣವ್ವ. ಆದ್ರೆ ಅವ್ರ ಮನೇನೇ ಬೇರೆ, ನಮ್ ಮನೇನೇ ಬೇರೆ. ನೋಡ್ಕೊಂಡ್ ನಡಿ."

'ಅವರ ಮನೆಯಲ್ಲಿ ನನ್ನ ಹೆಸರನ್ನಾದರೂ ಹೇಳಿದ್ದಾರಾ?' ಗೌತಮಿ ತನ್ನನ್ನೇ ಕೇಳಿಕೊಂಡಳು. ಅವನನ್ನು ಕೇಳಲು ಧೈರ್ಯ ಬರಲಿಲ್ಲ...

ಒಂದು ಗುರುವಾರ ಹತ್ತು ಗಂಟೆಗೆ ಬೂದು ಕಾರು ತೆವಳುತ್ತಾ ಗ್ಯಾರೇಜಿಗೆ ಬಂತು. ಇಳಿದದ್ದು ವಿಶ್ರುತ್ ಅಲ್ಲ, ಗಂಜಿ ಹಾಕಿದ ಹತ್ತಿ ಸೀರೆಯ ಹಿರಿಯ ಹೆಂಗಸು.

"ನಾನು ಚಂದ್ರಮತಿ, ವಿಶ್ರುತ್ ತಾಯಿ. ಈ ಕಾರು ರಿಪೇರಿ ಮಾಡಿದ್ದು ನೀನೇ ತಾನೆ?"

ಅವರು ನಿವೃತ್ತ ಗಣಿತದ ಶಿಕ್ಷಕಿ. ಪ್ರತಿ ಗುರುವಾರ ತಾವೇ ಕಾರು ಓಡಿಸಿಕೊಂಡು ನಂಜನಗೂಡಿನ ಹತ್ತಿರದ ಹಳ್ಳಿಯ ಹೆಣ್ಣುಮಕ್ಕಳಿಗೆ ಲೆಕ್ಕ ಹೇಳಿಕೊಡಲು ಹೋಗುತ್ತಿದ್ದರು.

"ಕಡಕೊಳದ ಹತ್ರ ಕಬ್ಬಿನ ಲಾರಿ ದಾಟ್ತಿದ್ದೆ. ಅರ್ಧ ದಾಟಿದೀನಿ, ಕಾರು ಮುಂದಕ್ಕೇ ಹೋಗ್ತಿಲ್ಲ. ಎದುರಿಗೆ ಬಸ್ಸು. ಆ ಲಾರಿಯವನು ಪುಣ್ಯಾತ್ಮ, ಬ್ರೇಕ್ ಹಾಕಿ ಜಾಗ ಬಿಟ್ಟ."

ಗೌತಮಿ ಮೊದಲು ಅವರನ್ನು ಕೂರಿಸಿ ನೀರು ಕೊಟ್ಟಳು. ಆಮೇಲೆ ಸ್ಕ್ಯಾನರ್ ಜೋಡಿಸಿದಳು. ಅದೇ ಕೋಡ್. ಕೆಳಗಿನ ಸಾಲು ಓದಿ ಅವಳು ಪರದೆಯನ್ನು ಚಂದ್ರಮತಿಯವರ ಕಡೆ ತಿರುಗಿಸಿದಳು.

"ಕೋಡ್ ಅಳಿಸಿದ ಮೇಲೆ ಓಡಿದ್ದು ಮೂವತ್ತಾರು ಕಿಲೋಮೀಟರ್. ಯಾರೋ ಅಳಿಸಿದಾರೆ ಅಮ್ಮ."

ಚಂದ್ರಮತಿ ಕಣ್ಣು ಮುಚ್ಚಿ ಲೆಕ್ಕ ಹಾಕಿದರು. "ನಮ್ಮನೆಯಿಂದ ಕಡಕೊಳಕ್ಕೆ ಹದಿನಾಲ್ಕು. ಅಲ್ಲಿಂದ ಇಲ್ಲಿಗೆ ಇಪ್ಪತ್ತೆರಡು. ಮೂವತ್ತಾರು." ಕಣ್ಣು ತೆರೆದರು. "ಅಳಿಸಿದ್ದು ನಮ್ಮನೆ ಬಾಗಿಲಲ್ಲೇ."

ಅವರು ಮಗನಿಗೆ ಫೋನ್ ಮಾಡಿದರು. ಅರ್ಧ ಗಂಟೆಯಲ್ಲಿ ವಿಶ್ರುತ್ ಆಟೋದಲ್ಲಿ ಬಂದ. ಇಬ್ಬರ ಮುಖ ನೋಡಿದವನೇ ಜೇಬಿನಿಂದ ಹೆಬ್ಬೆರಳಿನಷ್ಟು ದೊಡ್ಡ ಸಾಧನವೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಕಾರಿಗೆ ಚುಚ್ಚಿ ಫೋನಿನಿಂದಲೇ ಕೋಡ್ ಅಳಿಸುವಂಥದ್ದು.

"ನಾನೇ ಅಳಿಸಿದ್ದು. ಈ ವಾರದಲ್ಲೇ ಮೂರು ಸಲ. ಇನ್ನೊಂದು ಸಲ ಲೈಟ್ ಬಂದ್ರೆ ಈ ಗ್ಯಾರೇಜ್ ಸಾಕು, ಬೇರೆ ಕಡೆ ಕೊಡೋಣ ಅಂದಿದ್ರಿ ಅಮ್ಮ. ಶನಿವಾರ ಹೇಗೂ ಇಲ್ಲಿಗೆ ತರ್ತೀನಲ್ಲ, ಅಲ್ಲೀವರೆಗೆ ನಡೆಯುತ್ತೆ ಅಂದ್ಕೊಂಡೆ. ಕಾರು ಬೇರೆ ಕಡೆ ಹೋದ್ರೆ... ನನಗೆ ಇಲ್ಲಿಗೆ ಬರೋಕೆ ಯಾವ ನೆಪ ಇರುತ್ತೆ?"

ಚಂದ್ರಮತಿ ಮಗನನ್ನು ನೋಡಿದರು, ಗೌತಮಿಯನ್ನು ನೋಡಿದರು.

ಗೌತಮಿಯ ದನಿ ಸಣ್ಣಗಿತ್ತು. "ನನ್ನ ಹೆಸರು ಉಳಿಸೋಕೆ ನಿಮ್ಮ ತಾಯೀನ ಲಾರಿ ಪಕ್ಕ ಬಿಟ್ರಾ? ಕಿವಿ ಕೇಳಿಸದೋರು ಕೇಳಿಸುತ್ತೆ ಅಂತ ತಲೆ ಆಡಿಸಿದ್ರೆ ನೀವು ಸುಮ್ಮನಿರ್ತೀರಾ?"

ಅವನು ಮೇಜಿನ ಮೇಲಿನ ಸಾಧನವನ್ನು ಅವಳ ಕಡೆ ಸರಿಸಿದ.

"ಕಾರು ಬಿಟ್ಟು ಹೋಗಿ. ಶನಿವಾರ ಬರಬೇಡಿ."

ಎರಡು ದಿನ ಅವಳು ಹೊಗೆ ಬಿಟ್ಟು ನೋಡಿದಳು. ಎಲ್ಲೂ ಒಂದು ಎಳೆಯೂ ಏಳಲಿಲ್ಲ. ತಾನು ಹಾಕಿದ ಹೋಸ್ ಗಟ್ಟಿಯಾಗೇ ಇತ್ತು. ಹಾಗಾದರೆ ಸೋರಿಕೆ ಬೇರೆಲ್ಲೋ ಇದೆ, ಎಂಜಿನ್ ಏದುಸಿರು ಬಿಡುವಾಗ ಮಾತ್ರ ಬಾಯಿ ತೆರೆಯುತ್ತದೆ. ಏರು ಹತ್ತಿಸಿಯೇ ನೋಡಬೇಕು. ಒಬ್ಬರು ಓಡಿಸಬೇಕು, ಒಬ್ಬರು ಸ್ಕ್ಯಾನರ್ ನೋಡಬೇಕು, ಒಬ್ಬರು ಸೋರುವ ಸದ್ದಿಗೆ ಕಿವಿಗೊಡಬೇಕು.

ಅಳುಕುತ್ತಲೇ ಚಂದ್ರಮತಿಯವರಿಗೆ ಫೋನ್ ಮಾಡಿದಳು.

"ಓಡಿಸೋಕೆ ನಾನಿದೀನಿ," ಎಂದರು ಅವರು. "ಮೆಷಿನ್ ನೀನು ನೋಡು. ಕೇಳೋಕೆ ನಮ್ಮನೇಲಿ ಒಬ್ಬ ಇದಾನೆ, ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಅವನು ಹಿಂದೆ ಕೂರಲಿ. ಮಾತಾಡಲ್ಲ ಅಂತ ಬೇಕಾದ್ರೆ ಬರೆಸ್ಕೊಡ್ತೀನಿ."

ಭಾನುವಾರ ಬೆಳಿಗ್ಗೆ ಮೂವರೂ ಚಾಮುಂಡಿಬೆಟ್ಟದ ರಸ್ತೆ ಹತ್ತಿದರು. ಚಂದ್ರಮತಿ ಎರಡನೇ ಗೇರಿನಲ್ಲಿ ಒತ್ತಿ ಓಡಿಸಿದರು. ಸ್ಕ್ಯಾನರಿನ ಅಂಕಿ ಏರಿತು, ಏರಿತು, ಥಟ್ಟನೆ ಕುಸಿಯಿತು.

"ಎಡಗಡೆ," ಹಿಂದಿನಿಂದ ವಿಶ್ರುತ್ ಹೇಳಿದ. "ಕೆಳಗೆ, ಚಕ್ರದ ಹತ್ರ. ಉಸ್ಸಂತ ಬಂತು."

ನಂದಿಯ ತಿರುವಿನಲ್ಲಿ ಕಾರು ನಿಲ್ಲಿಸಿ ಗೌತಮಿ ಗೋಣಿತಾಟು ಹಾಸಿ ಕೆಳಗೆ ನುಸುಳಿದಳು. ಗಾಳಿ ತಂಪಾಗಿಸುವ ಪೆಟ್ಟಿಗೆಯ ಕೆಳಗಿನ ಜೋಡಣೆಯಲ್ಲಿ ಪೈಪನ್ನು ಬಿಗಿದಿದ್ದ ಕ್ಲ್ಯಾಂಪ್ ಸಡಿಲವಾಗಿ, ಸುತ್ತಲೂ ಎಣ್ಣೆ ಪಸೆಗಟ್ಟಿತ್ತು. ಬಿಗಿ ಮಾಡಿ ಹೊರಬಂದವಳು ನೇರ ಚಂದ್ರಮತಿಯವರ ಎದುರು ನಿಂತಳು.

"ಇದನ್ನ ನಾನು ಮೊದಲ ಸಲವೇ ಕೈ ಹಾಕಿ ನೋಡಬೇಕಿತ್ತು ಅಮ್ಮ. ಹೊಗೆ ಬರಲಿಲ್ಲ ಅಂತ ಬಿಟ್ಟುಬಿಟ್ಟೆ. ತಪ್ಪು ನನ್ನದೂ ಇದೆ."

ಚಂದ್ರಮತಿ ಅವಳನ್ನೇ ದಿಟ್ಟಿಸಿದರು. "ನಾನು ಸ್ವಲ್ಪ ನಂದಿ ನೋಡ್ಕೊಂಡ್ ಬರ್ತೀನಿ," ಎಂದು ನಿಧಾನವಾಗಿ ನಡೆದುಹೋದರು.

ವಿಶ್ರುತ್ ಬಾಟಲಿಯ ನೀರನ್ನು ಅವಳ ಮಸಿಗೈಗೆ ಸುರಿದ. "ಕ್ಷಮಿಸಿ ಅಂತ ಕೇಳೋಕೂ ಮುಖ ಇಲ್ಲ."

"ಒಂದು ಕೇಳ್ತೀನಿ. ನಾನು ಯಾರು ಅಂತ ಮನೆಯಲ್ಲಿ ಹೇಳಿದೀರಾ? ಮೆಕ್ಯಾನಿಕ್ ಅಂತಲ್ಲ."

"ಇಲ್ಲ. ಅಮ್ಮನಿಗೆ ಬೇಜಾರಾದೀತು ಅಂತ..."

"ಅಂದ್ರೆ ನನ್ನನ್ನೂ ಅಳಿಸಿಟ್ಟಿದ್ರಿ."

ನೀರು ನಿಂತಿತು. ಕಾರಿನೊಳಗೆ ಹಳದಿ ದೀಪ ಇನ್ನೂ ಉರಿಯುತ್ತಲೇ ಇತ್ತು.

"ಈ ಲೈಟ್ ನಾನು ಅಳಿಸಲ್ಲ," ಎಂದಳು ಗೌತಮಿ. "ಒಳಗೆ ಸರಿ ಇದ್ರೆ, ಮೂರು ಸಲ ಚೆನ್ನಾಗಿ ಓಡಿಸಿದ ಮೇಲೆ ಅದೇ ಹೋಗುತ್ತೆ. ಅಷ್ಟರೊಳಗೆ ಹೇಳಬೇಕಾದ್ದನ್ನ ಮನೆಯಲ್ಲಿ ಹೇಳಿ. ಏನಾದ್ರೂ ಕೇಳೋದಿದ್ರೆ ಆಮೇಲೆ ಕೇಳಿ."

ಆ ನಾಲ್ಕು ದಿನ ಅವಳಿಗೆ ಊಟ ಸೇರಲಿಲ್ಲ. 'ಬರುತ್ತಾರಾ? ಬಾರದಿದ್ದರೆ ಅದೂ ಒಂದು ಉತ್ತರವೇ ತಾನೆ...'

ಗುರುವಾರ ಸಂಜೆ ಬೂದು ಕಾರು ಬಂತು. ತಾಯಿ ಮಗ ಇಬ್ಬರೂ ಇಳಿದರು. ದೀಪ ಆರಿತ್ತು.

ಗೌತಮಿ ಮತ್ತೆ ಸ್ಕ್ಯಾನರ್ ಜೋಡಿಸಿದಳು. ಅವನು ಅಳಿಸಿದ್ದರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗಿರಬೇಕಿತ್ತು. ಹಳೆಯ ಮೂವತ್ತಾರರ ಮೇಲೇ ಕೂಡಿಕೊಂಡು ಅಂಕಿ ಮೂಡಿತು: ಇನ್ನೂರ ಹದಿನಾಲ್ಕು ಕಿಲೋಮೀಟರ್.

"ನಾನೂ ಕೂಡಿ ನೋಡಿದೀನಿ, ಸರಿಯಾಗೇ ಇದೆ," ಎಂದರು ಚಂದ್ರಮತಿ. "ದೀಪ ಆರಲಿ ಅಂತ ಕಾದಿದ್ದು ನನ್ನ ಜೀವಮಾನದಲ್ಲಿ ಇದೇ ಮೊದಲು ಕಣಮ್ಮ."

ಗೌತಮಿ ನಗಲೋ ಬೇಡವೋ ಎಂದು ನಿಂತಳು.

"ಬೆಟ್ಟದಿಂದ ಇಳಿದ ದಿನವೇ ಇವನು ಎಲ್ಲ ಹೇಳಿದ. ಸುಳ್ಳು ಹೇಳಲ್ಲ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಜನ ಏನಂತಾರೆ ಅನ್ನೋದೇ ತಲೇಲಿ. ಬೆಳಿಗ್ಗೆ ಎದ್ದಾಗ ನೀನು ನನ್ನ ಎದುರು ನಿಂತು ತಪ್ಪು ನನ್ನದೂ ಇದೆ ಅಂದಿದ್ದು ನೆನಪಾಯ್ತು. ಆ ಪಾಠ ನನ್ನ ಮಗನಿಗೆ ನಾನು ಕಲಿಸಿರಲಿಲ್ಲ."

ಅವರು ಹತ್ತಿರ ಬಂದು, ಅವಳ ಹಣೆಗೆ ಮೆತ್ತಿದ್ದ ಗ್ರೀಸನ್ನು ತಮ್ಮ ಸೆರಗಿನ ತುದಿಯಿಂದ ಒರೆಸಿದರು. ಗಂಜಿ ಹಾಕಿದ ಬಿಳಿ ಸೆರಗು ಕಪ್ಪಾಯಿತು. ಅವರು ಅದನ್ನು ನೋಡಲೂ ಇಲ್ಲ.

ವಿಶ್ರುತ್ ಚಿಕ್ಕಮಾದಯ್ಯನವರ ಎದುರು ಮೊದಲ ದಿನದಂತೆಯೇ ಕುಕ್ಕರುಗಾಲಲ್ಲಿ ಕುಳಿತ. ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಹೇಳಿದ. "ಗೌತಮಿಯವರನ್ನ ಮದುವೆ ಆಗ್ಬೇಕು ಅಂತಿದೀನಿ."

"ಮೆತ್ತಗೇ ಹೇಳಿ ಸ್ವಾಮಿ, ಕಿವಿಗೆ ನೀವೇ ಮೆಷಿನ್ ಹಾಕಿದೀರಲ್ಲ." ಮುದುಕರು ಮಗಳ ಕಡೆ ಕೈ ತೋರಿಸಿದರು. "ಕೇಳ್ಬೇಕಾಗಿರೋದು ನನ್ನಲ್ಲ, ಅವಳ್ನ."

ಅವನು ಎದ್ದು ಅವಳ ಕಡೆ ತಿರುಗಿದ. ಗೌತಮಿ ಸ್ಕ್ಯಾನರಿನ ವೈರನ್ನು ಸುತ್ತುತ್ತಾ, ಬಿಚ್ಚುತ್ತಾ, ಮತ್ತೆ ಸುತ್ತುತ್ತಾ ನಿಂತಿದ್ದಳು.

"ಶನಿವಾರ ಬರ್ತೀರಲ್ಲ?" ಅವಳೇ ಕೇಳಿದಳು.

"ಕಾರು ಸರಿಯಾಗಿದೆಯಲ್ಲ. ಯಾವ ನೆಪ ಹೇಳ್ಕೊಂಡು ಬರಲಿ?"

ಅವಳು ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ನೆಪ ಬೇಡ. ಹಾಗೇ ಬನ್ನಿ."