ತಾರೀಖಿನ ಕೆಳಗಿನ ಚುಕ್ಕಿ

"ಮನೇಲಿ ಯಾರಿಗಾದರೂ ಜ್ವರ ಇದೆಯಾ?"

ಹದಿನೈದು ದಿನಕ್ಕೊಮ್ಮೆ ಗೌರೀಶಂಕರ ಬಾಗಿಲಲ್ಲಿ ಸೈಕಲ್ ನಿಲ್ಲಿಸಿ ಇದೇ ಮಾತು ಕೇಳುತ್ತಿದ್ದ. ಅವನದು ಮಲೇರಿಯಾ ಕೆಲಸ. ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ತೆಗೆದುಕೊಂಡು, ತಾನು ಬಂದುಹೋದ ತಾರೀಖನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು.

"ನಾನೊಬ್ಬಳೇ ಇರೋ ಮನೇಲಿ ಯಾರಿಗಾದರೂ ಅಂದರೆ ಯಾರಿಗೆ?" ಗಂಗಾಂಬಿಕೆ ನಗು ತಡೆದುಕೊಂಡು ಕೇಳುತ್ತಿದ್ದಳು.

"ರೂಲ್ಸು ಹಾಗೇ ಇದೆ ಸಿಸ್ಟರ್."

ಅವನ ಕಣ್ಣು ಮಾತ್ರ ರೂಲ್ಸು ಮೀರಿ ಇನ್ನೊಂದು ಗಳಿಗೆ ಅವಳ ಮುಖದ ಮೇಲೇ ಇರುತ್ತಿತ್ತು.

೧೯೬೨ರಲ್ಲಿ ರಾಮನಾಥಪುರದಾಚೆಯ ಆ ಹಳ್ಳಿಗೆ ಹೆರಿಗೆ ಕೇಂದ್ರ ಬಂದಾಗ, ನರ್ಸಾಗಿ ಚನ್ನರಾಯಪಟ್ಟಣದ ಗಂಗಾಂಬಿಕೆಯನ್ನು ಹಾಕಿದ್ದರು. ಮೂರು ತಿಂಗಳಾದರೂ ಅವಳನ್ನು ಒಂದು ಹೆರಿಗೆಗೂ ಯಾರೂ ಕರೆಯಲಿಲ್ಲ. ಬಸುರಿಯರು ಯಾವ ಮನೆಯಲ್ಲಿದ್ದಾರೆಂದು ಹೇಳುವವರೂ ಇಲ್ಲ. ಹೀಗೇ ಆದರೆ ಕೇಂದ್ರವನ್ನು ಬೇರೆ ಊರಿಗೆ ಒಯ್ಯುತ್ತೇವೆಂದು ಡಾಕ್ಟರು ಹೇಳಿಹೋದರು.

ದಾರಿ ಹುಡುಕಿದವನು ಗೌರೀಶಂಕರ. ಊರಿನ ಪ್ರತಿ ಮನೆಗೂ ಹೋಗುವವನು ಅವನೊಬ್ಬನೇ. ಬಸುರಿ ಇದ್ದ ಮನೆಯಲ್ಲಿ ತಾರೀಖಿನ ಕೆಳಗೊಂದು ಚುಕ್ಕಿ ಇಟ್ಟ. ಗಂಗಾಂಬಿಕೆ ಚುಕ್ಕಿ ನೋಡಿಕೊಂಡು, ಸೂಲಗಿತ್ತಿ ಮಾರಮ್ಮನನ್ನು ಜೊತೆಗೆ ಕರೆದುಕೊಂಡು ಆ ಮನೆಗಳಿಗೆ ಹೋದಳು. ವರ್ಷದೊಳಗೆ ಆರು ಮಕ್ಕಳು ಅವಳ ಕೈಯಲ್ಲಿ ಹುಟ್ಟಿದವು. ಚುಕ್ಕಿ ಎಂದರೆ ಏನೆಂದು ಊರಿಗೆಲ್ಲ ತಿಳಿಯಿತು.

ಒಂದು ಸೋಮವಾರ ಅವಳು ಜಗುಲಿಯಲ್ಲಿ ಕೂತು ಒದ್ದೆ ಕೂದಲು ಆರಿಸುತ್ತಿದ್ದಾಗ ಗೌರೀಶಂಕರ ಬಂದ. ಕೇಳಿದ, ಬರೆದ, ಹೊರಟ.

ಮಾರನೆಯ ಬೆಳಿಗ್ಗೆ ಮಾರಮ್ಮ ಓಡಿಬಂದಳು. "ಗ್ವಾಡೆ ನೋಡ್ಕೊಂಡ್ಯಾ ನರ್ಸವ್ವ?"

ತಾರೀಖಿನ ಕೆಳಗೆ ಚುಕ್ಕಿ ಇತ್ತು.

"ಮದ್ವೆ ಇಲ್ದೋಳ ಮನೇಲಿ ಚುಕ್ಕಿ ಅಂತ ಬಾವಿ ತಾವ ಅದೇ ಮಾತು. ಬೆಟ್ಟಮ್ಮಂಗೆ ನೋವು ಸುರುವಾಗದೆ. ಕಾಲು ಮುಂದಾಗಿ ಬತ್ತಾ ಅದೆ ಕಣವ್ವ, ನನ್ ಕೈಲಾಗಕಿಲ್ಲ. ಅವಳತ್ತೆ ನೋಡುದ್ರೆ ನಿನ್ನ ಒಳಿಕೆ ಬಿಡಕಿಲ್ಲ ಅಂತವ್ಳೆ."

ಗಂಗಾಂಬಿಕೆ ಚೀಲ ಹೆಗಲಿಗೇರಿಸಿದಳು. ಅಷ್ಟರಲ್ಲಿ ಗೌರೀಶಂಕರನ ಸೈಕಲ್ಲೂ ಬಂತು. ಸುದ್ದಿ ಪಕ್ಕದ ಊರಿನಲ್ಲಿದ್ದ ಅವನಿಗೂ ಮುಟ್ಟಿತ್ತು. ಒದ್ದೆ ಬಟ್ಟೆ ಹಿಡಿದು ಗೋಡೆಯತ್ತ ನಡೆದ.

"ಈಗ ಒರೆಸಿದರೆ ಅದಕ್ಕೂ ಒಂದು ಕತೆ ಕಟ್ಟುತ್ತಾರೆ. ನಡೀರಿ, ಬೆಟ್ಟಮ್ಮನ ಅತ್ತೆಗೆ ನೀವೇ ಹೇಳಿ," ಎಂದಳು.

ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದಳು. ಗೌರೀಶಂಕರ ಸೈಕಲ್ ಗೋಡೆಗೊರಗಿಸಿ ಮುಂದೆ ಬಂದ.

"ತಪ್ಪು ನನ್ನದು ಕಣಮ್ಮ. ಬರೆಯುವಾಗ ಗೋಡೆ ನೋಡಲಿಲ್ಲ. ಇವರನ್ನ ನೋಡ್ತಿದ್ದೆ. ಕೈ ರೂಢಿಯಲ್ಲಿ ಚುಕ್ಕಿ ಇಟ್ಟುಬಿಡ್ತು."

"ಅದ್ಯಾಕಪ್ಪ ಅಂಗ್ ನೋಡ್ತಿದ್ದೆ?"

"ವರ್ಷದಿಂದ ನೋಡ್ತಿದ್ದೀನಿ. ಹೇಳೋಕೆ ಧೈರ್ಯ ಬಂದಿರಲಿಲ್ಲ."

ಗಂಗಾಂಬಿಕೆ ತಲೆ ತಗ್ಗಿಸಿದಳು. ಮಾರಮ್ಮ ಸುಮ್ಮನಿರಲಿಲ್ಲ. "ಊರೋರ ಜ್ವರನೆಲ್ಲಾ ಕೇಳ್ಕಂಡ್ ತಿರುಗ್ತಾನೆ, ತನ್ ಜ್ವರ ಯೋಳಕಾಗಿಲ್ಲ ನೋಡು."

ಅತ್ತೆಯ ತುಟಿ ಸಡಿಲವಾಯಿತು. ಒಳಗೆ ಬೆಟ್ಟಮ್ಮ ಚೀರಿದಳು. ಅತ್ತೆ ಬಾಗಿಲು ಬಿಟ್ಟು ಸರಿದಳು. "ಓಗವ್ವ, ಓಗು ಒಳಿಕೆ."

ಬಿಸಿಲು ನೆತ್ತಿಗೇರಿದಾಗ ಮಗು ಅತ್ತಿತು. ಗಂಗಾಂಬಿಕೆ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ ಹೊರಬಂದಳು. ಅವನು ಜಗುಲಿ ಬಿಟ್ಟು ಕದಲಿರಲಿಲ್ಲ.

"ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ."

"ನೀವು ನನಗೆ ಏನೂ ಹೇಳಲಿಲ್ಲ."

"ಚನ್ನರಾಯಪಟ್ಟಣದಲ್ಲಿ ನಮ್ಮ ಅಪ್ಪ ಇದ್ದಾರೆ. ಧೈರ್ಯ ಸ್ವಲ್ಪ ಅವರಿಗೂ ಉಳಿಸಿಕೊಳ್ಳಿ." ಒಂದು ಗಳಿಗೆ ಅವನನ್ನೇ ನೋಡಿದಳು. "ಈಗ ಹೋಗಿ ಒರೆಸಿ."

ಮದುವೆಯಾದ ಮರುವರ್ಷ ಗೌರೀಶಂಕರ ಎಂದಿನಂತೆ ಊರೆಲ್ಲ ಸುತ್ತಿ ಕೊನೆಗೆ ತನ್ನ ಮನೆಯ ಬಾಗಿಲಿಗೇ ಬಂದು ನಿಂತ. "ಮನೇಲಿ ಯಾರಿಗಾದರೂ ಜ್ವರ ಇದೆಯಾ?"

"ಇಲ್ಲ."

ತಾರೀಖು ಬರೆದು ಒಳಗೆ ಕಾಲಿಡಹೋದ. ಅವಳು ಹೊಸಿಲಲ್ಲೇ ತಡೆದಳು.

"ರೀ, ಬರೆದದ್ದು ಪೂರ್ತಿ ಆಗಲಿಲ್ಲ."

ಅವನಿಗೆ ತಿಳಿಯಲಿಲ್ಲ. ಅವಳು ಸೀಮೆಸುಣ್ಣ ಹಿಡಿದ ಅವನ ಕೈಯನ್ನು ಮೆಲ್ಲಗೆ ತಾರೀಖಿನ ಕೆಳಕ್ಕೆ ತಂದಳು.

"ಈ ಸಲ ಗೋಡೆ ನೋಡಿಕೊಂಡು ಇಡಿ."