ಮೂರು ದಿನದ ಗಡ್ಡ

ನಾನೂ ನನ್ನ ಗೆಳತಿಯೂ ನಮ್ಮ ಮನೆಯ ಕೆಳಗಿನ ಬಡಗಿ ಅಂಗಡಿಗೆ ಇಳಿದಾಗ, ಅದನ್ನು ನಡೆಸುತ್ತಿದ್ದ ಅಣ್ಣತಮ್ಮಂದಿರಲ್ಲಿ ಅಣ್ಣ ಮರದ ಹೊಟ್ಟಿನ ಮೇಲೆ ಸತ್ತು ಬಿದ್ದಿದ್ದ. ಮೂಗು, ಬಾಯಿಂದ ಹರಿದ ರಕ್ತ ಬಾಗಿಲವರೆಗೂ ಬಂದಿತ್ತು. ತಮ್ಮ ಗೋಡೆಗೊರಗಿ ತನ್ನ ಒಡೆದ ಗೆಣ್ಣುಗಳನ್ನೇ ನೋಡುತ್ತಿದ್ದ.

“ಎರಡೇ ಏಟು ಹಾಕಿದ್ದು. ರಕ್ತ ನಿಲ್ಲಲೇ ಇಲ್ಲ.”

“ಹೊಡೆಯೋವಾಗ ಎಲ್ಲಿ ಹೋಗಿತ್ತು ಬುದ್ಧಿ?” ಎಂದರು ಅವರ ಭಾವ, ಅಕ್ಕನ ಗಂಡ.

“ಎರಡೇಟಿಗೆ ಇಷ್ಟು ರಕ್ತವೇನಯ್ಯಾ? ಇದು ಕೊಲೆ,” ಎನ್ನುತ್ತ, ಆಗಲೇ ಬಂದಿದ್ದ ಇನ್ಸ್‌ಪೆಕ್ಟರ್ ಸೊಂಟದಿಂದ ಬೇಡಿ ತೆಗೆದ.

“ಸ್ವಲ್ಪ ತಾಳಪ್ಪ,” ಎಂದಳು ನನ್ನ ಗೆಳತಿ. ಮೂವತ್ತು ವರ್ಷ ರಕ್ತಪರೀಕ್ಷೆ ಮಾಡಿದ ಅವಳು ಬೀದಿಗೆಲ್ಲ ಲ್ಯಾಬ್ ಅಕ್ಕ. ಬಿಡಿಸಲಾಗದ ಗಂಟೆಲ್ಲ ಅವಳ ಬಳಿಗೇ ಬರುತ್ತಿತ್ತು. ಅವಳು ಹೆಣದ ಪ್ಯಾಂಟು ಸರಿಸಿದಳು. ಮೊಣಕಾಲ ಕೆಳಗೆಲ್ಲ ಸೂಜಿ ಚುಚ್ಚಿದಂಥ ಕೆಂಪು ಚುಕ್ಕೆ. ಆಮೇಲೆ ಕೆನ್ನೆ ಮುಟ್ಟಿದಳು.

“ಗಡ್ಡ ಯಾಕೆ ಬಿಟ್ಟಿದ್ದಾನೆ?”

ಉಳಿ ತಾಗಿ ಬಲಗೈ ಮೂಳೆಯಲ್ಲಿ ಕೀವಾಗಿ, ಅಣ್ಣ ಮೂರು ವಾರದಿಂದ ಆಂಟಿಬಯೋಟಿಕ್ ನುಂಗುತ್ತಿದ್ದ. ದಿನಾ ಬೆಳಿಗ್ಗೆ ಭಾವನೇ ಅವನಿಗೆ ಗಡ್ಡ ಹೆರೆಯುವುದನ್ನು ಮೆಟ್ಟಿಲಿಂದ ಕಂಡು, ಎಂಥ ಒಳ್ಳೆಯ ಮನುಷ್ಯ ಎಂದುಕೊಂಡಿದ್ದೆ.

“ಕೆಲಸ ಜಾಸ್ತಿಯಿತ್ತು, ಬಿಟ್ಟೆ,” ಎಂದರು ಭಾವ.

“ನಿಮ್ಮ ಕೆನ್ನೆ ಮಾತ್ರ ನುಣ್ಣಗಿದೆ.”

ಅವಳು ಲ್ಯಾಬಿಗೆ ಫೋನ್ ಮಾಡಿ ಮಾತಾಡಿ, ಎಲ್ಲರನ್ನೂ ಹಲಗೆಗಳ ಮೇಲೆ ಕೂರಿಸಿದಳು.

“ಕಾಲಿಗೆ ಯಾರೂ ಹೊಡೆದಿಲ್ಲ. ಆದರೂ ಚರ್ಮದೊಳಗೆ ರಕ್ತ ಜಿನುಗಿದೆ. ಕೆಲವರಿಗೆ ಇಂಥ ಮಾತ್ರೆಯಿಂದ ಪ್ಲೇಟ್‌ಲೆಟ್ ಇಳಿದುಹೋಗುತ್ತೆ, ರಕ್ತ ಹೆಪ್ಪುಗಟ್ಟಲ್ಲ. ಅದಕ್ಕೇ ವಾರಕ್ಕೊಮ್ಮೆ ಪರೀಕ್ಷೆ. ಮೂರು ದಿನದ ಹಿಂದೆ ರಿಪೋರ್ಟ್ ಬಂತು. ‘ಇವತ್ತೇ ಆಸ್ಪತ್ರೆಗೆ ಸೇರಿಸಿ’ ಅಂತ ಹೇಳಿಯೇ ಭಾವನ ಕೈಗೆ ಕೊಟ್ಟರಂತೆ. ಇವರು ಬಾಯಿ ಬಿಡಲಿಲ್ಲ. ಗಡ್ಡ ಹೆರೆಯೋದನ್ನೂ ನಿಲ್ಲಿಸಿದರು. ಬ್ಲೇಡು ತಾಗಿದರೆ ರಕ್ತ ನಿಲ್ಲದೆ ಎಲ್ಲರೂ ಆಸ್ಪತ್ರೆಗೆ ಓಡುತ್ತಿದ್ದರು, ಅವನು ಉಳಿದುಬಿಡುತ್ತಿದ್ದ. ಇವರಿಗೆ ಬೇಕಾಗಿದ್ದು ಬೇರೆಯವರ ಮುಷ್ಟಿ.” ತಮ್ಮನತ್ತ ತಿರುಗಿದಳು. “ಇವತ್ತು ಇವರು ನಿನಗೇನು ಹೇಳಿದ್ರು?”

“ಅಣ್ಣ ನನ್ನ ಹೆಂಡತಿ ಬಗ್ಗೆ ಹೊಲಸು ಮಾತಾಡಿದ ಅಂತ.”

“ಒಬ್ಬ ಮಣ್ಣಿಗೆ, ಒಬ್ಬ ಜೈಲಿಗೆ. ಅಂಗಡಿ ಭಾವನಿಗೆ.”

ಭಾವ ಉಳಿ ಎತ್ತಿಕೊಂಡು ಅವಳ ಕುತ್ತಿಗೆಗೆ ನುಗ್ಗಿದರು. ತಮ್ಮ ಹಲಗೆ ಬೀಸಿದ. ಭಾವನ ತೋಳಿನ ಮೂಳೆ ಲಟ್ಟೆಂದು ಮುರಿದು ಉಳಿ ಕೆಳಗೆ ಬಿತ್ತು. ಇನ್ಸ್‌ಪೆಕ್ಟರ್ ಅವರನ್ನು ನೆಲಕ್ಕೊತ್ತಿ ಬೇಡಿ ಹಾಕಿದ.

“ಹಾಗಾದ್ರೆ ಅಣ್ಣನ್ನ ಕೊಂದಿದ್ದು ನಾನಲ್ವಾ ಅಕ್ಕ?”

ನನ್ನ ಗೆಳತಿ ಸುಳ್ಳಾಡುವವಳಲ್ಲ. “ಹೊಡೆದಿದ್ದು ನೀನೇ ಕಣಪ್ಪ. ಕೊಲ್ಲಬೇಕು ಅಂತ ಅಲ್ಲ. ಕೋರ್ಟಿನಲ್ಲೂ ಇದನ್ನೇ ಹೇಳ್ತೀನಿ.”

ಅವನು ಅಣ್ಣನ ಪಕ್ಕ ಕೂತು, ಅಂಗಿಯ ತೋಳಿನಿಂದ ಅವನ ಬಾಯಿ ಒರೆಸತೊಡಗಿದ, ಇನ್ನೂ ನೋವಾದೀತು ಎಂಬಷ್ಟು ಮೆಲ್ಲಗೆ.