ಬಸವಣ್ಣನ ಗೂಡಿನ ಹಸಿರು

"ಅಕ್ಕೋರ, ನಮ್ಮಪ್ಪ ದೇವರ ಮೂರ್ತಿ ಕದ್ದಾನಂತ! ಸಂಜಿಯೊಳಗ ಊರು ಬಿಡ್ರಿ ಅಂದಾರ!"

ಸಿದ್ದಿ ಕೇರಿಯ ರೋಜಿ ಅಳುತ್ತ ಬಂದಾಗ ಈರಕ್ಕ ಚಹಾ ಸೋಸುತ್ತಿದ್ದರು. ಹಳಿಯಾಳದ ಶಾಲೆಯೊಂದರಲ್ಲಿ ಅವರು ಸಸ್ಯಶಾಸ್ತ್ರ ಕಲಿಸಿದವರು, ನಾನು ಕನ್ನಡ. ನಿವೃತ್ತಿಯ ಮೇಲೂ ಸುತ್ತಲಿನವರು ಕಳೆದದ್ದನ್ನು ಹುಡುಕಿಸಲು ಅವರ ಬಾಗಿಲಿಗೇ ಬರುತ್ತಿದ್ದರು. ಜೊತೆಗೆ ಹೋಗುವ ಭಾಗ್ಯ ನನ್ನದು. ಸೂಪಾದಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲವದು.

"ಮೊದಲ ಚಾ ಕುಡಿ, ರೋಜಿ. ಅತ್ತಕೋತ ಹೇಳಿದ್ರ ಅರ್ಧಾ ತಿಳಿಯೂದಿಲ್ಲ. ಅಡಿವೆಯ್ಯಾರ, ನಿಮ್ಮ ಛತ್ರಿ ತಗೋರಿ," ಎಂದರು ಈರಕ್ಕ, ನನ್ನತ್ತ ತಿರುಗಿ.

ಅಂದಾನೆಪ್ಪನ ಹೊಲದ ಬಾವಿಯ ಗೋಡೆಯಲ್ಲೊಂದು ಗೂಡು, ಅದರಲ್ಲಿ ಗೇಣುದ್ದದ ಕಲ್ಲಿನ ಬಸವಣ್ಣ. ಮಳೆ ಹಿಡಿಯುವ ಮುನ್ನ ಅಂದಾನೆಪ್ಪ ತಾನೇ ಮೂರ್ತಿಯನ್ನು ತೊಳೆದಿಟ್ಟು ಗೂಡಿಗೆ ಹಲಗೆ ಕಟ್ಟುವುದು, ಆಮೇಲೆ ಊರವರೆಲ್ಲ ಹಲಗೆಗೇ ಹೂವಿಟ್ಟು ಕೈಮುಗಿಯುವುದು ಅಲ್ಲಿನ ರೂಢಿ. ಈ ಸಲ ದಸರೆಗೆ ಹಲಗೆ ಬಿಚ್ಚಿದರೆ ಗೂಡು ಬರಿದು. ಮಳೆಗಾಲವೆಲ್ಲ ಸೂಪಾದಲ್ಲಿ ದುಡಿದು ಬಂದ ರೋಜಿಯ ತಂದೆ ಕಾಯತಾನ, ಹಿಂದಿನ ವಾರ ಅದೇ ಬಾವಿಯ ಕುಸಿದ ಗೋಡೆ ಕಟ್ಟುತ್ತಿದ್ದ, ಒಬ್ಬನೇ. ಅಷ್ಟು ಸಾಕಾಗಿತ್ತು ಊರಿಗೆ.

ಬಾವಿಯ ಬಳಿ ಊರವರು ನೆರೆದಿದ್ದರು, ಕಾಯತಾನ ಒಂದು ಪಕ್ಕಕ್ಕೆ ನಿಂತಿದ್ದ. ಅಂದಾನೆಪ್ಪನ ಹೆಂಡತಿ ಶಿವಗಂಗವ್ವನ ದನಿಯೇ ದನಿ. "ಮತ್ತ ಬಸವಣ್ಣ ರೆಕ್ಕಿ ಹಚ್ಚಿಕೊಂಡು ಹಾರಿ ಹೋದ್ನೇನ್ರಿ?"

"ಹಲಗಿ ಕಟ್ಟೂ ಮುಂದ ಮೂರ್ತಿ ಇತ್ತೇನ್ರಿ?" ಈರಕ್ಕ ಅಂದಾನೆಪ್ಪನನ್ನು ಕೇಳಿದರು.

"ಇತ್ರಿ," ಎಂದ ಆತ, ನೆಲ ನೋಡುತ್ತ.

ಈರಕ್ಕ ಮೆಟ್ಟಿಲಿಳಿದು ಗೂಡಿಗೆ ಭೂತಗನ್ನಡಿ ಹಿಡಿದರು. ನಾನೂ ಇಣುಕಿದೆ. ಅಂಚಿನಿಂದ ಅಂಚಿಗೆ ಮಕಮಲ್ಲಿನಂಥ ಹಾವಸೆ. ನಡುನಡುವೆ ಬೇಳೆಯಷ್ಟಗಲದ, ಹೃದಯದಾಕಾರದ ಹಸಿರು ಹಾಳೆಗಳು. ಕೆಲವುಗಳಿಂದ ಎಳೆ ಜರಿಗಿಡ ಕೂಸಿನ ಮುಷ್ಟಿಯಂತೆ ಸುರುಳಿ ಬಿಚ್ಚುತ್ತಿತ್ತು. ಶಿವನೇ, ನಿನ್ನ ಕೈ ಎಷ್ಟು ಸಣ್ಣ ಕೆಲಸಕ್ಕೂ ಬಗ್ಗುತ್ತದೆ ಎಂದುಕೊಂಡೆ. ಹಾವಸೆಯ ಒಂದು ಉಬ್ಬನ್ನು ಈರಕ್ಕ ಕೆರೆದರು. ಅಡಿಯಲ್ಲಿ ಉಗುರಿನಷ್ಟು ಕರಿಗಲ್ಲು.

ಮೇಲೆ ಬಂದು ಎಲ್ಲರನ್ನೂ ಕೂಡಿಸಿದರು.

"ಜರಿಗಿಡಕ್ಕ ಹೂವಿಲ್ಲ, ಬೀಜಿಲ್ಲ. ಎಲಿ ಬೆನ್ನಿಗೆ ಕಂದು ಹುಡಿ ಇರತೈತಿ. ಅದು ಹಸಿ ಜಾಗಾಕ ಬಿದ್ರ ಮೊದಲ ಈ ಸಣ್ಣ ಹಾಳಿ ಆಗತೈತಿ. ಹಾಳಿ ಅಡಿಗೆ, ನೀರಿನ ಹನ್ಯಾಗ, ಗಂಡು ಹೆಣ್ಣು ಕೂಡಿದ ಮ್ಯಾಲ ಖರೇ ಜರಿಗಿಡ ಏಳತೈತಿ. ಇಷ್ಟಾಗಾಕ ತಿಂಗಳುಗಟ್ಟಲೆ ಬೇಕು."

"ಅಯ್ಯ, ನಮ್ಮ ಸೊಸಿ ಬಾಣಂತನಕ್ಕಿಂತ ತ್ರಾಸಿಂದಲ್ರಿ!" ಎಂದಳು ಶಿವಗಂಗವ್ವ. ಜನ ನಕ್ಕರು.

"ಹೂಂ, ನಗ್ರಿ. ಆದ್ರ ಬಸವಣ್ಣ ಕುಂತಿದ್ರ ಅವನ ಅಡಿಗೆ ಬೆಳಕು ಹೋಗೂದಿಲ್ಲ, ಅಷ್ಟು ಜಾಗಾ ಬೋಳು ಇರಬೇಕಿತ್ತು. ಎಲ್ಲೈತಿ ಬೋಳು? ಹಲಗಿ ಸಂದ್ಯಾಗಿನ ಬೆಳಕು ಇಡೀ ಗೂಡಿಗೆ ಬಿದ್ದೈತಿ. ಅಂದ್ರ ಮಳಿ ಸುರುವಾದಾಗ್ಲೇ ಗೂಡು ಬರಿದು. ಆವಾಗ ಕಾಯತಾನ ಸೂಪಾದಾಗಿದ್ದ."

ನಗು ನಿಂತಿತು. ಈರಕ್ಕ ಕರಿಗಲ್ಲನ್ನು ಅಂಗೈಯಲ್ಲಿಟ್ಟು ತೋರಿಸಿದರು.

"ಇದು ಕೋಡಿನ ಚೂರು. ಹಾವಸಿ ಕೆಳಗ ಸಿಕ್ತು, ಅಂದ್ರ ಹಾವಸಿ ಬೆಳೆಯೂಕಿಂತ ಮೊದಲ ಮುರದೈತಿ. ಮಳಿಗಿಂತ ಮೊದಲ ಮೂರ್ತಿ ಕೈಯಾಗ ಹಿಡಿದು ತೊಳೆಯೋರು ಊರಾಗ ಒಬ್ಬರ."

ಅಂದಾನೆಪ್ಪ ರುಮಾಲು ತೆಗೆದು ಮಡಿಲಲ್ಲಿಟ್ಟುಕೊಂಡ.

"ತೊಳೆದು ಗೂಡಿನ್ಯಾಗ ಇಡೂ ಮುಂದ ಕೈ ಜಾರಿ ಬಿತ್ರಿ. ಕೋಡು ಮುರೀತು. ಮುಕ್ಕಾದ ಮೂರ್ತಿ ಪೂಜಿಗೆ ಬರೂದಿಲ್ಲಂತ ದಾಂಡೇಲಿಗೆ ಹೋದಾಗ ಕಾಳಿ ಹೊಳಿಗೆ ಬಿಟ್ಟೆ. ಸೊಸಿ ಆವಾಗ ತುಂಬಿದ ಬಸುರಿ. ಅಪಶಕುನ ಅಂತ ಹೆದರತಾಳಂತ ಯಾರಿಗೂ ಹೇಳಲಿಲ್ಲ. ದಸರಾದೊಳಗ ಹೊಸಾದು ಕೆತ್ತಸೂಣು ಅಂದ್ರ ಕೆತ್ತವ ಕೈಕೊಟ್ಟ. ಇವನ ಮ್ಯಾಲ ಮಾತು ಬಂದಾಗರ ಬಾಯಿ ಬಿಡಬೇಕಿತ್ತು..."

"ಅದಕ್ಕ ಉಣ್ಣೂದು ಬಿಟ್ಟಿದ್ರಾ ನೀವು!" ಶಿವಗಂಗವ್ವ ಗಂಡನತ್ತ ನೋಡಿದಳು. ಆಮೇಲೆ ಕಾಯತಾನನ ಕಡೆ ತಿರುಗಿ, "ತಮ್ಮಾ, ನನ್ನ ನಾಲಿಗಿ ಸುಡ್ಲಿ," ಎಂದಳು.

"ನಾಲಿಗಿ ಸುಟ್ರ ನಮಗ ಬೈಯೋರು ಯಾರು ಯವ್ವಾ?" ಕಾಯತಾನ ನಕ್ಕ.

ರೋಜಿ ನಗಲಿಲ್ಲ. "ಗೋಡಿ ಇನ್ನೂ ಅರ್ಧಾ ಉಳದೈತಿ. ತಪ್ಪು ಒಪ್ಪಿಕೊಂಡ್ರ ಸಾಲೂದಿಲ್ರಿ ಯಜಮಾನ್ರ, ಗಚ್ಚೂ ಹೊರಬೇಕು."

ಅಂದಾನೆಪ್ಪ ಎದ್ದು ಧೋತರ ಎತ್ತಿ ಕಟ್ಟಿ, ರುಮಾಲನ್ನೇ ಸಿಂಬಿ ಸುತ್ತಿ ತಲೆಗಿಟ್ಟುಕೊಂಡು ಬುಟ್ಟಿಗೆ ಕೈ ಹಾಕಿದ. ಕಾಯತಾನ ಅವನ ಮುಖವನ್ನು ಒಂದು ಗಳಿಗೆ ನೋಡಿದ. ಮತ್ತೆ ಕರಣಿ ಹಿಡಿದು ಬಾವಿಗೆ ಇಳಿದ.

"ಲಗೂ ತರ್ರಿ ಯಜಮಾನ್ರ, ಗಚ್ಚು ಒಣಗಾಕತ್ತೈತಿ!"

"ಬಂದ್ನೋ ಮಾರಾಯಾ, ಬಂದೆ," ಎಂದು ಅಂದಾನೆಪ್ಪ ಮೆಟ್ಟಿಲಿಳಿದ.